ಶ್ರೀಲಂಕಾ ಬೌದ್ಧಯಾತ್ರೆ: ಅನುರಾಧಪುರವೇ ಇಲ್ಲದ ಪ್ಯಾಕೇಜ್ ಬೇಡ

ಪ್ರಶ್ನೆ: ನಾವು ಕಲಬುರಗಿಯವರು. ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪವನ್ನು ಹಲವು ಬಾರಿ ನೋಡಿರುವ ನಮ್ಮ ತಂದೆಗೆ, ಇಂದಿಗೂ ಪೂಜೆ ನಡೆಯುತ್ತಿರುವ ಅಂಥದೊಂದು ಹಳೆಯ ಸ್ತೂಪವನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಬರುವ ಫೆಬ್ರವರಿಯಲ್ಲಿ ತಂದೆ (72), ತಾಯಿ (66), ನಾನು ಮತ್ತು ನನ್ನ ಹದಿನಾಲ್ಕು ವರ್ಷದ ಮಗಳು ಎಂಟು ದಿನಗಳಿಗೆ ಶ್ರೀಲಂಕಾಕ್ಕೆ ಹೋಗಬೇಕೆಂದಿದ್ದೇವೆ. ಟ್ರಾವೆಲ್ಸ್‌ನವರು ಕೊಟ್ಟ ಪ್ಯಾಕೇಜ್‌ನಲ್ಲಿ ಕೊಲಂಬೊ, ಕ್ಯಾಂಡಿ, ನುವರ ಎಲಿಯ, ಬೆಂಟೋಟ ಇವೆ. ಒಂದು ದಿನ ರಾಮಾಯಣದ ಸ್ಥಳಗಳಿಗೆ ಮೀಸಲು. ಇಷ್ಟು ಸಾಕೇ? ತಂದೆಗೆ ಮಂಡಿ ನೋವು. ತಾಯಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೇಗೆ ಯೋಜಿಸಬೇಕು?

ಉತ್ತರ: ಸಾಲದು. ನಿಮಗೆ ಕೊಟ್ಟಿರುವುದು ಹೊಸದಾಗಿ ಮದುವೆಯಾದವರಿಗೆ ಹೇಳಿ ಮಾಡಿಸಿದ ಪ್ರವಾಸ. ಚಹಾ ತೋಟ, ಕಡಲತೀರ, ನಡುವೆ ಶಾಸ್ತ್ರಕ್ಕೆ ಒಂದು ದೇವಾಲಯ. ಅದರಲ್ಲಿ ತಪ್ಪೇನಿಲ್ಲ, ಆದರೆ ನಿಮ್ಮ ತಂದೆಯವರು ಕೇಳುತ್ತಿರುವುದು ಅದನ್ನಲ್ಲ. ಶ್ರೀಲಂಕಾದ ಬೌದ್ಧ ಪರಂಪರೆಯ ಬೇರುಗಳಿರುವುದು ದ್ವೀಪದ ಉತ್ತರ-ಮಧ್ಯ ಭಾಗದ ಒಣ ಬಯಲಿನಲ್ಲಿ, ಕೆರೆಗಳ ಸೀಮೆಯಲ್ಲಿ. ಅನುರಾಧಪುರ, ಮಿಹಿಂತಲೆ, ಪೊಲೊನ್ನರುವ, ದಂಬುಲ್ಲ ಇವೆಲ್ಲ ಅಲ್ಲಿವೆ. ಪ್ಯಾಕೇಜ್ ಮಾರುವವರು ಇವುಗಳನ್ನು ಕೈಬಿಡುವುದಕ್ಕೆ ಕಾರಣ ಸರಳವಾಗಿದೆ: ಅಲ್ಲಿ ಬಿಸಿಲು ಜಾಸ್ತಿ, ಬರಿಗಾಲಿನಲ್ಲಿ ನಡೆಯಬೇಕು, ಮಾಲ್ ಇಲ್ಲ.

ಕನಗನಹಳ್ಳಿಯಿಂದ ಹೊರಟವರಿಗೆ ಅನುರಾಧಪುರ ಪರಕೀಯ ಎನಿಸಬೇಕಿಲ್ಲ. ಕನಗನಹಳ್ಳಿಯ ಶಿಲಾಫಲಕವೊಂದರ ಮೇಲೆ ಬ್ರಾಹ್ಮಿಯಲ್ಲಿ ಹೆಸರು ಕೊರೆಸಿಕೊಂಡು ನಿಂತಿದ್ದಾನಲ್ಲ ಅಶೋಕ, ಸಂಪ್ರದಾಯದ ಪ್ರಕಾರ ಅವನ ಮಗ ಮಹಿಂದನೇ ಲಂಕೆಗೆ ಧಮ್ಮವನ್ನು ಒಯ್ದವನು. ಮಗಳು ಸಂಘಮಿತ್ತೆ ಬೋಧಗಯೆಯ ಅಶ್ವತ್ಥದ ಟೊಂಗೆಯನ್ನು ತಂದಳು. ಇದು ಕ್ರಿ.ಪೂ. 3ನೇ ಶತಮಾನದ ಮಾತು. ನಿಮ್ಮ ಭೀಮಾ ತೀರದಲ್ಲಿ ಸ್ತೂಪ ಮಣ್ಣುಪಾಲಾಗಿ 1990ರ ದಶಕದಲ್ಲಿ ಉತ್ಖನನವಾಗಬೇಕಾಯಿತು; ಅದೇ ಅಲೆಯಲ್ಲಿ ಹೊರಟ ಪರಂಪರೆ ಲಂಕೆಯಲ್ಲಿ ದೀಪ ಹಚ್ಚಿಸಿಕೊಳ್ಳುತ್ತಲೇ ಬಂದಿದೆ. ಒಂದು ಮಾತು ಮೊದಲೇ ತಿಳಿದಿರಲಿ. ಬೈಲಕುಪ್ಪೆಯ ಸ್ವರ್ಣಮಂದಿರವನ್ನು ನೋಡಿದ ಕಣ್ಣಿನಿಂದ ಲಂಕೆಯ ವಿಹಾರಗಳನ್ನು ಅಳೆಯಬೇಡಿ. ಬೈಲಕುಪ್ಪೆಯದು ಟಿಬೆಟಿನ ವಜ್ರಯಾನ ಪಂಥ, ಲಂಕೆಯದು ಥೇರವಾದ ಪಂಥ. ಬಣ್ಣ, ವಾದ್ಯ, ದೇವತಾಮಂಡಲ ಎಲ್ಲವೂ ಬೇರೆ. ಇಲ್ಲಿ ಪಾಲಿ ಪಠಣ, ಬಿಳಿ ಸೀರೆ, ತಟ್ಟೆಯಲ್ಲಿ ನೈದಿಲೆ.

ಈಗ ದಾರಿ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಹೆಚ್ಚುಕಡಿಮೆ ಒಂದೂವರೆ ಗಂಟೆಯ ಹಾರಾಟ. ವಿಮಾನ ಇಳಿಯುವ ಕಟುನಾಯಕೆ ಇರುವುದು ಕೊಲಂಬೊದ ಉತ್ತರಕ್ಕೆ. ನೀವು ಹೋಗಬೇಕಾದದ್ದೂ ಉತ್ತರಕ್ಕೇ. ಆದ್ದರಿಂದ ಕೊಲಂಬೊದ ವಾಹನ ದಟ್ಟಣೆಯೊಳಗೆ ನುಗ್ಗಿ ಮತ್ತೆ ಹಿಂದಿರುಗುವ ಕೆಲಸ ಬೇಡ. ವಿಮಾನ ಬೆಳಿಗ್ಗೆ ತಲುಪುವುದಾದರೆ ನೇರವಾಗಿ ಅನುರಾಧಪುರಕ್ಕೆ ಹೊರಡಿ, ಕಾರಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಸಂಜೆ ತಲುಪುವುದಾದರೆ ಪಕ್ಕದ ನೆಗೊಂಬೊದಲ್ಲಿ ಒಂದು ರಾತ್ರಿ ಕಳೆದು ಮುಂಜಾನೆ ಹೊರಡಿ. ಅನುರಾಧಪುರದಲ್ಲಿ ಮೂರು ರಾತ್ರಿ (ತಡವಾಗಿ ಬಂದರೆ ಎರಡು), ಹಬರಣ ಅಥವಾ ಸಿಗಿರಿಯ ಸುತ್ತಮುತ್ತ ಎರಡು (ಪೊಲೊನ್ನರುವ, ದಂಬುಲ್ಲ ನೋಡುವುದು ಇಲ್ಲಿಂದಲೇ), ಕ್ಯಾಂಡಿಯಲ್ಲಿ ಎರಡು. ಎಂಟನೆಯ ದಿನ ಕ್ಯಾಂಡಿಯಿಂದ ಇಳಿದು, ಸಮಯವಿದ್ದರೆ ಕೆಲನಿಯ ವಿಹಾರ ನೋಡಿಕೊಂಡು ವಿಮಾನ ನಿಲ್ದಾಣ. ಹೀಗೆ ಹೋದರೆ ಇತಿಹಾಸವೂ ಸರದಿಯಲ್ಲಿ ಬರುತ್ತದೆ: ಮೊದಲ ರಾಜಧಾನಿ ಅನುರಾಧಪುರ, ಎರಡನೆಯದು ಪೊಲೊನ್ನರುವ, ಕೊನೆಯದು ಕ್ಯಾಂಡಿ. ಹದಿನಾಲ್ಕರ ಹುಡುಗಿಗೆ ಇದು ಗೊಂದಲವಿಲ್ಲದೆ ಅರ್ಥವಾಗುತ್ತದೆ.

ಫೆಬ್ರವರಿ ಒಳ್ಳೆಯ ಆಯ್ಕೆ. ಆ ಬಯಲು ಸೀಮೆಗೆ ಮಳೆ ತರುವುದು ಈಶಾನ್ಯ ಮಾರುತ. ಅಕ್ಟೋಬರ್‌ನಿಂದ ಜನವರಿಯವರೆಗೆ ಅದರ ಕಾಲ. ಫೆಬ್ರವರಿಗೆ ಮಳೆ ತಗ್ಗಿ, ಕೆರೆಗಳು ತುಂಬಿ, ಬಿಸಿಲು ಇನ್ನೂ ಏರಿರುವುದಿಲ್ಲ. ಕಲಬುರಗಿಯವರನ್ನು ಬಿಸಿಲಿನಿಂದ ಹೆದರಿಸುವುದು ಹಾಸ್ಯಾಸ್ಪದವೇ, ಆದರೂ ಅಲ್ಲಿಯದು ಬೆವರಿನ ಬಿಸಿಲು, ನಿಮ್ಮ ಕಡೆಯ ಒಣ ಧಗೆಯಲ್ಲ. ವಯಸ್ಸಾದವರು ಬೇಗ ಸುಸ್ತಾಗುತ್ತಾರೆ.

ದಿನಾಂಕ ಗೊತ್ತು ಮಾಡುವ ಮುನ್ನ ಪಂಚಾಂಗ ತೆಗೆದು ಹುಣ್ಣಿಮೆ ಎಂದಿದೆ ನೋಡಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಅದನ್ನು ಪೋಯ ಎನ್ನುತ್ತಾರೆ. ಅಂದು ಮದ್ಯ ಮಾರುವಂತಿಲ್ಲ, ಮಾಂಸದ ಅಂಗಡಿಗಳು ಮುಚ್ಚಿರುತ್ತವೆ, ಜನ ಬಿಳಿ ಬಟ್ಟೆ ಉಟ್ಟು ಇಡೀ ದಿನ ವಿಹಾರದಲ್ಲಿ ಕಳೆಯುತ್ತಾರೆ. ನಮ್ಮ ಹುಣ್ಣಿಮೆಗಳೇ ಅಲ್ಲಿಯೂ, ಹೆಸರು ಬೇರೆ. ಬುದ್ಧ ಪೂರ್ಣಿಮೆ ಅವರ ವೆಸಕ್. ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿಯುವ ಕಾರಹುಣ್ಣಿಮೆ ಅವರ ಪೊಸೊನ್, ಮಹಿಂದ ಲಂಕೆಗೆ ಬಂದ ದಿನ. ಅಂದು ಅನುರಾಧಪುರ ಮತ್ತು ಮಿಹಿಂತಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕ್ಯಾಂಡಿಯ ಆನೆ ಮೆರವಣಿಗೆ ಎಸಲ ಪೆರಹೆರ ಮುಗಿಯುವುದು ನಮ್ಮ ನೂಲುಹುಣ್ಣಿಮೆಯ ಹೊತ್ತಿಗೆ. ಫೆಬ್ರವರಿಯಲ್ಲಿ ಸಾಮಾನ್ಯವಾಗಿ ಭಾರತ ಹುಣ್ಣಿಮೆ, ಅವರಿಗೆ ನವಂ ಪೋಯ. ಕೊಲಂಬೊದ ಗಂಗಾರಾಮಯ ವಿಹಾರದಿಂದ ದೊಡ್ಡ ಮೆರವಣಿಗೆ ಹೊರಡುತ್ತದೆ. ಅದಕ್ಕಾಗಿ ಕೊಲಂಬೊಗೆ ಓಡುವುದಕ್ಕಿಂತ, ಆ ಹುಣ್ಣಿಮೆಯ ಸಂಜೆ ಅನುರಾಧಪುರದಲ್ಲಿರುವಂತೆ ಟಿಕೆಟ್ ಮಾಡಿಸಿ. ನಿಮ್ಮ ತಂದೆಯವರ ಆಸೆಗೆ ಇದಕ್ಕಿಂತ ಸರಿಯಾದ ದಿನವಿಲ್ಲ. ಕೊಠಡಿ ಮಾತ್ರ ಬಹಳ ಮುಂಚೆ ಕಾಯ್ದಿರಿಸಬೇಕು.

ಅನುರಾಧಪುರ ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರು. ಅವಶೇಷಗಳು ಮೈಲಿಗಟ್ಟಲೆ ಹರಡಿಕೊಂಡಿವೆ. ನಡೆದು ನೋಡುತ್ತೇವೆಂದರೆ ಮಂಡಿ ಗಟ್ಟಿಯಿರುವವರಿಗೂ ಆಗದು. ಇಲ್ಲಿ ನನ್ನ ಸಲಹೆ ಒಂದೇ. ಸ್ಥಳಗಳ ಪಟ್ಟಿಯಿಂದ ದಿನವನ್ನು ಹೊಂದಿಸಬೇಡಿ, ಪೂಜೆ ಮತ್ತು ನೆರಳಿನಿಂದ ಹೊಂದಿಸಿ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಏಳೂವರೆ. ನಡುವೆ ಕೊಠಡಿಯಲ್ಲಿ ನಿದ್ದೆ. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಬರಿಗಾಲಿಡುವುದೆಂದರೆ ಕಾದ ಹೆಂಚಿನ ಮೇಲೆ ನಡೆದಂತೆ. ಪಾದರಕ್ಷೆ ನಿಷಿದ್ಧವಾದರೂ ಕಾಲುಚೀಲಕ್ಕೆ ಆಕ್ಷೇಪವಿಲ್ಲ. ಪ್ರತಿಯೊಬ್ಬರಿಗೂ ಎರಡು ಜೊತೆ ಹಳೆಯ ಕಾಲುಚೀಲ ಇರಲಿ.

ಮೊದಲ ಸಂಜೆ ಜಯ ಶ್ರೀ ಮಹಾಬೋಧಿಗೆ ಹೋಗಿ. ನೆಟ್ಟ ಕಾಲ ದಾಖಲಾಗಿರುವ, ಮನುಷ್ಯರು ನೆಟ್ಟ ಮರಗಳಲ್ಲಿ ಜಗತ್ತಿನಲ್ಲೇ ಹಳೆಯದು ಎಂದು ಹೆಸರಾದ ಮರ. ಇಷ್ಟು ಕೇಳಿ ಹೋದವರು ಹೆಬ್ಬಾವಿನಂಥ ಬೇರುಗಳ ಮಹಾವೃಕ್ಷವನ್ನು ಹುಡುಕಿ, ಅಂಗಳದ ಬೇರೆ ಯಾವುದೋ ಅಶ್ವತ್ಥಕ್ಕೆ ಕೈಮುಗಿದು ಬರುವುದುಂಟು. ಮೂಲ ಮರವಿರುವುದು ಎಲ್ಲಕ್ಕಿಂತ ಮೇಲಿನ ಜಗಲಿಯಲ್ಲಿ, ಚಿನ್ನದ ಬಣ್ಣದ ಬೇಲಿಯೊಳಗೆ. ಸಣಕಲು ಕೊಂಬೆಗಳು, ಅವಕ್ಕೆ ಚಿನ್ನದ ಬಣ್ಣದ ಊರುಗೋಲುಗಳು. ಸುತ್ತಲಿನ ದಪ್ಪ ಮರಗಳು ಅದರ ಕಾವಲುಗಾರರು ಮಾತ್ರ. ದ್ವಾರದಲ್ಲಿ ತಪಾಸಣೆ ಬಿಗಿಯಾಗಿರುತ್ತದೆ. 1985ರಲ್ಲಿ ಇಲ್ಲಿ ನಡೆದ ಹತ್ಯಾಕಾಂಡವನ್ನು ಆ ಊರು ಮರೆತಿಲ್ಲ.

ಅಲ್ಲಿಂದ ರುವನ್‌ವೆಲಿಸಾಯಕ್ಕೆ ಅಗಲವಾದ, ಸಮತಟ್ಟಾದ ಹಾದಿಯಿದೆ. ತಂದೆಯವರು ನಿಧಾನವಾಗಿ ನಡೆಯಬಲ್ಲರು. ಕ್ರಿ.ಪೂ. 2ನೇ ಶತಮಾನದಲ್ಲಿ ದುಟ್ಟಗಾಮಣಿ ರಾಜ ಕಟ್ಟಿಸಲಾರಂಭಿಸಿದ ಸ್ತೂಪ. ಈಗ ಕಾಣುವ ಬಿಳಿ ಗಾರೆಯ ರೂಪ 20ನೇ ಶತಮಾನದ ಜೀರ್ಣೋದ್ಧಾರದ್ದು. ಪುರಾತತ್ತ್ವದ ಕಟ್ಟುನಿಟ್ಟಿನವರು ಈ ಹೊಸ ಗಾರೆಯನ್ನು ಕಂಡು ಮೂಗು ಮುರಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಪೂಜೆಯಲ್ಲಿರುವ ಸ್ತೂಪಕ್ಕೆ ಸುಣ್ಣ ಬಳಿಯುವುದು ಅದರ ಬದುಕಿನ ಭಾಗ. ಕೆಲವು ಸಂಜೆ ಇಡೀ ಊರಿನವರು ಉದ್ದನೆಯ ಬಟ್ಟೆಯನ್ನು ತಲೆಯ ಮೇಲೆ ಹೊತ್ತು, ಸಾಧು ಸಾಧು ಎನ್ನುತ್ತಾ ಪ್ರದಕ್ಷಿಣೆ ಹಾಕಿ ಸ್ತೂಪಕ್ಕೆ ಸುತ್ತಿಸುತ್ತಾರೆ. ನೀವೂ ಅಂಚು ಹಿಡಿದುಕೊಳ್ಳಬಹುದು, ಯಾರೂ ಬೇಡವೆನ್ನುವುದಿಲ್ಲ.

ಮರುದಿನ ಬೆಳಿಗ್ಗೆ ಇದಕ್ಕೆ ತದ್ವಿರುದ್ಧವಾದ ಜೇತವನಾರಾಮ ಸ್ತೂಪ: ಗಾರೆಯಿಲ್ಲದ ಕೆಂಪು ಇಟ್ಟಿಗೆಯ ಗುಡ್ಡ. ಮಹಾಸೇನ ರಾಜ (ಆಳ್ವಿಕೆ 273–301) ಕಟ್ಟಿಸಲು ತೊಡಗಿದಾಗ ಇದರ ಯೋಜಿತ ಎತ್ತರ 122 ಮೀಟರ್. ಆ ಕಾಲದಲ್ಲಿ ಗೀಜಾದ ಎರಡು ದೊಡ್ಡ ಪಿರಮಿಡ್‌ಗಳನ್ನು ಬಿಟ್ಟರೆ ಇಷ್ಟು ಎತ್ತರದ ಕಟ್ಟಡ ಇನ್ನೊಂದಿರಲಿಲ್ಲ. ಬಳಸಿದ ಇಟ್ಟಿಗೆ 9 ಕೋಟಿಗೂ ಹೆಚ್ಚು ಎಂದು ಅಂದಾಜು. ಈಗ ಉಳಿದಿರುವುದು 71 ಮೀಟರ್. ಅಭಯಗಿರಿಗೆ ಅದೇ ದಿನ ಹೋಗಬಹುದು. 5ನೇ ಶತಮಾನದಲ್ಲಿ ಚೀನಾದಿಂದ ಬಂದ ಫಾಹಿಯಾನ್ ಎರಡು ವರ್ಷ ಲಂಕೆಯಲ್ಲಿದ್ದು ಈ ವಿಹಾರದ ವೈಭವವನ್ನು ಬರೆದಿಟ್ಟ. ಮಗಳಿಗೆ ಒಂದು ಕೆಲಸ ಒಪ್ಪಿಸಿ: ಮೆಟ್ಟಿಲ ಬುಡದಲ್ಲಿರುವ ಅರ್ಧಚಂದ್ರಾಕಾರದ ಕಲ್ಲು, ಸಂದಕಡ ಪಹಣ, ಅದರ ಮೇಲಿನ ಪ್ರಾಣಿಗಳನ್ನು ಗುರುತು ಹಾಕಿಕೊಳ್ಳಲಿ. ಇಲ್ಲಿ ಆನೆ, ಕುದುರೆ, ಸಿಂಹ, ಗೂಳಿ ಸಾಲಾಗಿ ನಡೆದಿರುತ್ತವೆ. ಪೊಲೊನ್ನರುವಕ್ಕೆ ಹೋದಾಗ ಗೂಳಿ ಮಾಯವಾಗಿರುತ್ತದೆ. ಚೋಳರ ಆಳ್ವಿಕೆಯ ನಂತರ, ನಂದಿಯನ್ನು ತುಳಿಯಬಾರದೆಂಬ ಭಾವನೆಯಿಂದ ಕೈಬಿಟ್ಟಿರಬೇಕೆಂದು ವಿದ್ವಾಂಸರ ಊಹೆ.

ಮಿಹಿಂತಲೆ ಅಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್. ಮಹಿಂದನು ಲಂಕೆಯ ರಾಜ ದೇವಾನಾಂಪಿಯ ತಿಸ್ಸನನ್ನು ಎದುರುಗೊಂಡ ಬೆಟ್ಟ ಇದು. ಮೆಟ್ಟಿಲು 1,840 ಎಂದು ಕೇಳಿ ಎದೆಗುಂದಬೇಡಿ. ಮೇಲಿನ ವಾಹನ ನಿಲ್ದಾಣದವರೆಗೆ ರಸ್ತೆಯಿದೆ, ಅಲ್ಲಿಂದ ಅಂಬಸ್ಥಲ ಸ್ತೂಪಕ್ಕೆ ಹತ್ತಬೇಕಾದದ್ದು ಸ್ವಲ್ಪವೇ. ಚಾಲಕನಿಗೆ ಇದನ್ನು ಮುಂಚೆಯೇ ಹೇಳಿ, ಇಲ್ಲದಿದ್ದರೆ ಕೆಳಗೇ ಇಳಿಸಿಬಿಡುತ್ತಾನೆ. ಆಚೆಯ ಆರಾಧನಾ ಗಲ ಎಂಬ ಕಡಿದಾದ ಬಂಡೆ ಮೊಮ್ಮಗಳಿಗೆ ಇರಲಿ, ಅಜ್ಜನಿಗೆ ಬೇಡ.

ಪೊಲೊನ್ನರುವದಲ್ಲಿ ಕಾರು ಅವಶೇಷಗಳ ಪ್ರತಿ ಗುಂಪಿನ ಹತ್ತಿರಕ್ಕೂ ಹೋಗುತ್ತದೆ. ಚೋಳರು 10ನೇ ಶತಮಾನದ ಕೊನೆಗೆ ಅನುರಾಧಪುರವನ್ನು ಹಾಳುಗೆಡವಿ ಇಲ್ಲಿ ನೆಲೆಯೂರಿದರು. 1070ರಲ್ಲಿ ಮೊದಲನೆಯ ವಿಜಯಬಾಹು ಅವರನ್ನು ಓಡಿಸಿದ. ನಿಮ್ಮ ತಂದೆಯವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಈ ವಿಜಯಬಾಹುವಿನ ಆಸ್ಥಾನಕ್ಕೆ ಕರ್ಣಾಟದ ಅರಸನಿಂದಲೂ ಚೋಳರಿಂದಲೂ ದೂತರು ಬಂದರೆಂದೂ, ಅವನು ಕರ್ಣಾಟದವರಿಗೆ ಮೊದಲ ಮರ್ಯಾದೆ ಕೊಟ್ಟನೆಂದೂ, ಕರ್ಣಾಟಕ್ಕೆ ಹೊರಟ ಸಿಂಹಳ ದೂತರ ಕಿವಿ-ಮೂಗುಗಳನ್ನು ಚೋಳರು ಕತ್ತರಿಸಿದರೆಂದೂ ಲಂಕೆಯ ಪಾಲಿ ವೃತ್ತಾಂತ ಹೇಳುತ್ತದೆ. ಆ ಕರ್ಣಾಟದ ಅರಸ ಕಲ್ಯಾಣದ ಆರನೆಯ ವಿಕ್ರಮಾದಿತ್ಯ ಎಂಬುದು ಇತಿಹಾಸಕಾರರ ಗುರುತು. ನಿಮ್ಮ ಪಕ್ಕದ ಬಸವಕಲ್ಯಾಣಕ್ಕೂ ಈ ಊರಿಗೂ ಹೀಗೊಂದು ರಾಜಕಾರಣದ ನಂಟಿತ್ತು. ಚೋಳರ ಕಾಲದ ಶಿವಾಲಯ ಇಲ್ಲಿ ಇಂದಿಗೂ ಪೂಜೆಯಲ್ಲಿದೆ.

ಇಲ್ಲಿಯ ಗಲ್ ವಿಹಾರಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ಪರಾಕ್ರಮಬಾಹು ರಾಜ (ಆಳ್ವಿಕೆ 1153–1186) ಒಂದೇ ಬಂಡೆಯಲ್ಲಿ ಕಡೆಸಿದ ನಾಲ್ಕು ವಿಗ್ರಹಗಳು. ಪರಿನಿರ್ವಾಣದ, ಅಂದರೆ ಕೊನೆಯುಸಿರಿನ ಕ್ಷಣದ, ಮಲಗಿದ ಬುದ್ಧ ಸುಮಾರು 14 ಮೀಟರ್ ಉದ್ದ. ತಲೆದಿಂಬು ತಲೆಯ ಭಾರಕ್ಕೆ ಕೊಂಚ ತಗ್ಗಿರುವುದನ್ನೂ, ಒಂದು ಪಾದ ಇನ್ನೊಂದಕ್ಕಿಂತ ತುಸು ಹಿಂದೆ ಸರಿದಿರುವುದನ್ನೂ ಗಮನಿಸಿ. ಪಾದಗಳು ಸಮನಾಗಿಲ್ಲದಿರುವುದೇ ಇದು ನಿದ್ದೆಯಲ್ಲ, ಪರಿನಿರ್ವಾಣ ಎಂಬುದರ ಗುರುತೆನ್ನುತ್ತಾರೆ. ಬಂಡೆಯ ಎದುರು ಕುಳಿತುಕೊಳ್ಳಲು ಜಾಗವಿದೆ.

ಸಿಗಿರಿಯದ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಕಾಶ್ಯಪ ರಾಜ (ಆಳ್ವಿಕೆ 477–495) ಬಂಡೆಯ ನೆತ್ತಿಯಲ್ಲಿ ಕಟ್ಟಿದ ಅರಮನೆ ಅದ್ಭುತವೇ; ಆದರೆ ಅದಕ್ಕೆ ಹಿಂದೆ ಮತ್ತು ಮುಂದೆ ಅಲ್ಲಿ ಭಿಕ್ಷುಗಳಿದ್ದರೆಂಬುದನ್ನು ಬಿಟ್ಟರೆ, ನಿಮ್ಮ ಯಾತ್ರೆಯ ಉದ್ದೇಶಕ್ಕೆ ಅದು ಅನಿವಾರ್ಯವಲ್ಲ. ಮೆಟ್ಟಿಲು ಸಾವಿರಕ್ಕೂ ಹೆಚ್ಚು. ನೀವೂ ಮಗಳೂ ಬೆಳಗಿನ ಮೊದಲ ಸರದಿಯಲ್ಲಿ ಹತ್ತಿ ಬನ್ನಿ. ಅಷ್ಟರಲ್ಲಿ ಹಿರಿಯರು ಕೆಳಗಿನ ಜಲೋದ್ಯಾನದಲ್ಲಿ ಅಡ್ಡಾಡಿ ವಸ್ತುಸಂಗ್ರಹಾಲಯ ನೋಡಲಿ. ಬಂಡೆಯಲ್ಲಿ ಕಣಜದ ಗೂಡುಗಳಿವೆ. ಗಲಾಟೆ ಮಾಡಬೇಡಿರೆಂಬ ಫಲಕವನ್ನು ನಂಬಿ. ಬಂಡೆಯ ಮೇಲೆ ಬಿಡಿಸಿರುವ ಅಪ್ಸರೆಯರ ಚಿತ್ರಗಳ ಫೋಟೊ ತೆಗೆಯುವಂತಿಲ್ಲ. ದಂಬುಲ್ಲದ ಐದು ಗುಹೆಗಳಿಗೆ ಏರು ಹಾದಿ ಇಪ್ಪತ್ತು ನಿಮಿಷ, ಅಲ್ಲಲ್ಲಿ ಕುಳಿತು ಹೋದರೆ ತಂದೆಯವರಿಗೆ ಸಾಧ್ಯವಾಗಬಹುದು. ಛಾವಣಿಯ ಬಂಡೆಯ ಉಬ್ಬುತಗ್ಗಿಗೇ ಬಟ್ಟೆ ಹೊದಿಸಿದಂತೆ ಬಿಡಿಸಿದ ಚಿತ್ರಗಳಿಗಾಗಿ ಆ ಶ್ರಮ ಸಾರ್ಥಕ. ಹಬರಣದ ಸುತ್ತ ಸಂಜೆಯ ನಂತರ ರಸ್ತೆಗೆ ಕಾಡಾನೆಗಳು ಬರುತ್ತವೆ, ಕತ್ತಲಾಗುವ ಮುನ್ನ ಕೊಠಡಿ ಸೇರಿ.

ದಂಬುಲ್ಲದಿಂದ ಕ್ಯಾಂಡಿಗೆ ಹೋಗುವಾಗ ಮಾತಲೆ ಪಟ್ಟಣಕ್ಕೆ ಮುಂಚೆ ಅಲುವಿಹಾರೆ ಎಂಬ ವಿಹಾರ ಸಿಗುತ್ತದೆ. ಬಹುತೇಕ ಕಾರುಗಳು ಇದನ್ನು ದಾಟಿ, ಮುಂದಿನ ಮಸಾಲೆ ತೋಟದಲ್ಲಿ ನಿಲ್ಲುತ್ತವೆ; ಅಲ್ಲಿ ಚಾಲಕನಿಗೆ ಕಮಿಷನ್, ನಿಮಗೆ ಮೂರು ಪಟ್ಟು ಬೆಲೆಯ ಎಣ್ಣೆ. ನೀವು ಅಲುವಿಹಾರೆಯಲ್ಲಿ ನಿಲ್ಲಿಸಿ. ಅದುವರೆಗೆ ಬಾಯಿಪಾಠದಲ್ಲೇ ಉಳಿದಿದ್ದ ಬೌದ್ಧರ ಧರ್ಮಗ್ರಂಥ ತಿಪಿಟಕವನ್ನು ಕ್ರಿ.ಪೂ. 1ನೇ ಶತಮಾನದಲ್ಲಿ ಮೊದಲ ಬಾರಿಗೆ ಓಲೆಗರಿಯಲ್ಲಿ ಬರೆದದ್ದು ಇಲ್ಲಿ ಎಂದು ಸಂಪ್ರದಾಯ. ಬರಗಾಲ ಮತ್ತು ಯುದ್ಧದಿಂದ ಭಿಕ್ಷುಗಳು ಸಾಯುತ್ತಿದ್ದರು. ಕಂಠಸ್ಥ ಮಾಡಿಕೊಂಡವರೇ ಹೋದರೆ ಬುದ್ಧವಚನವೂ ಹೋಗುತ್ತದೆಂಬ ಭಯ ಬರೆಯಿಸಿತು. ಓಲೆಗರಿಯಲ್ಲಿ ಬರೆಯುವ ಬಗೆಯನ್ನು ಅಲ್ಲಿ ತೋರಿಸುತ್ತಾರೆ. ಎಂಟು ದಿನಗಳಲ್ಲಿ ಒಂದೇ ಒಂದು ಸಣ್ಣ ಜಾಗವನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಕ್ಯಾಂಡಿಯ ದಳದಾ ಮಾಳಿಗಾವ ದೇವಾಲಯದಲ್ಲಿ ಬುದ್ಧನ ದಂತಧಾತು, ಅಂದರೆ ಹಲ್ಲಿನ ಅವಶೇಷ, ಕಾಣಿಸುತ್ತದೆಂದು ತಾಯಿಯವರಿಗೆ ಆಸೆ ಹುಟ್ಟಿಸಬೇಡಿ. ಒಂದರೊಳಗೊಂದು ಇಟ್ಟ ಏಳು ಕರಂಡಕಗಳ (ಭರಣಿಗಳ) ಒಳಗೆ ಅದಿದೆ. ಜನರಿಗೆ ತೋರಿಸುವುದು ಅಪರೂಪ. 2009ರ ನಂತರ ತೋರಿಸಿದ್ದು 2025ರ ಏಪ್ರಿಲ್‌ನಲ್ಲಿ. ದಿನಕ್ಕೆ ಮೂರು ಹೊತ್ತು ತೇವಾವ ಪೂಜೆ ನಡೆಯುವಾಗ ಬಾಗಿಲು ತೆರೆಯುತ್ತದೆ, ಹೊರಗಿನ ಕರಂಡಕ ಕ್ಷಣಮಾತ್ರ ಕಾಣುತ್ತದೆ. ಬೆಳಿಗ್ಗೆ ಒಂಬತ್ತೂವರೆಯ ಪೂಜೆಗಿಂತ ನಸುಕಿನ ಐದೂವರೆಯದು ಮೇಲು, ನೂಕುನುಗ್ಗಲು ಕಡಿಮೆ. ಪಕ್ಕದಲ್ಲೇ ನಾಥ, ವಿಷ್ಣು, ಪತ್ತಿನಿ ದೇವತೆಗಳ ಗುಡಿಗಳಿವೆ. ಬೌದ್ಧರು ವಿಷ್ಣುವಿಗೆ ಹಣ್ಣು ಅರ್ಪಿಸುವುದನ್ನು ಕಂಡು ಮಗಳು ಪ್ರಶ್ನೆ ಕೇಳುತ್ತಾಳೆ: ಮುಕ್ತಿಗೆ ಬುದ್ಧ, ಮನೆವಾರ್ತೆಯ ಕಷ್ಟಸುಖಕ್ಕೆ ದೇವತೆಗಳು ಎಂಬುದು ಅಲ್ಲಿನವರ ಸರಳ ಹಂಚಿಕೆ. ಎರಡನೆಯ ದಿನ ಪೇಟೆಯ ಹೊರಗಿನ ಗಡಲಾದೆನಿಯ, ಲಂಕಾತಿಲಕ, ಎಂಬೆಕ್ಕೆ ದೇವಾಲಯಗಳನ್ನು ನೋಡಿ. 14ನೇ ಶತಮಾನದ ಗಡಲಾದೆನಿಯ ದಕ್ಷಿಣ ಭಾರತದ ಶಿಲ್ಪಿಯ ಕೈಕೆಲಸ. ಅದರ ಕಲ್ಲುಕಂಬಗಳು ನಿಮಗೆ ಪರಿಚಿತವೆನಿಸುತ್ತವೆ.

ರಾಮಾಯಣದ ಸ್ಥಳಗಳನ್ನು ಈ ಪ್ರವಾಸಕ್ಕೆ ಗಂಟು ಹಾಕಬೇಡಿ. ಸೀತಾ ಎಲಿಯ ದೇವಾಲಯ ನುವರ ಎಲಿಯದ ಬೆಟ್ಟದಲ್ಲಿದೆ. ಹೋಗಿಬರಲು ಒಂದು ದಿನ ತಿರುವು ರಸ್ತೆಯಲ್ಲೇ ಕಳೆಯುತ್ತದೆ. ಬೆಟ್ಟದ ರೈಲಿನ ಆಸೆಯಿದ್ದರೆ ಮಾರ್ಗ ಪೂರ್ಣ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಆ ಪ್ರದೇಶದಲ್ಲಿ ಭಾರಿ ಭೂಕುಸಿತ ಉಂಟುಮಾಡಿತು.

ತಾಯಿಯವರ ಊಟದ ವಿಚಾರ ನೀವಂದುಕೊಂಡಷ್ಟು ಕಷ್ಟವಲ್ಲ, ಆದರೆ ಒಂದು ಬಲೆ ಇದೆ. ತರಕಾರಿ ಪಲ್ಯ, ತೆಂಗಿನ ಸಂಬೋಲ (ಚಟ್ನಿಯಂಥದ್ದು), ಕೆಲವೊಮ್ಮೆ ಬೇಳೆಗೂ ಉಂಬಲಕಡ ಎಂಬ ಒಣಮೀನಿನ ಚೂರು ಬೀಳುತ್ತದೆ. ರುಚಿಗೆ ಹಾಕುವ ಅದನ್ನು ಅಡುಗೆಯವರು ಮೀನೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಸ್ಯಾಹಾರ ಎಂದರೆ ಸಾಲದು. ‘ಮಸ್ ಮಾಳು ಎಪಾ, ಬಿತ್ತರ ಎಪಾ, ಉಂಬಲಕಡ ಎಪಾ’ ಎಂದು ಬಿಡಿಸಿ ಹೇಳಬೇಕು. ಮಸ್ ಅಂದರೆ ಮಾಂಸ, ಮಾಳು ಮೀನು, ಬಿತ್ತರ ಮೊಟ್ಟೆ, ಎಪಾ ಅಂದರೆ ಬೇಡ. ಕೊತ್ತು ರೊಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಎಳೆ ಹಲಸಿನ ಪೊಲೊಸ್, ಒಂದೆಲಗದ ಗೊಟುಕೊಲ ಸಂಬೋಲ, ಶಾವಿಗೆಯಂತಹ ಇಂದಿಯಾಪ್ಪ, ಮಡಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಕಾಕಂಬಿ ಸುರಿದ ಕಿರಿಪಾಣಿ, ಇವುಗಳಲ್ಲಿ ಹೊಟ್ಟೆ ತುಂಬುತ್ತದೆ. ಆದರೂ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಡಬ್ಬಿ ಜೊತೆಗಿರಲಿ. ಮೂರು ಹೊತ್ತು ಅನ್ನ ನಿಮ್ಮ ಕಡೆಯವರಿಗೆ ಒಗ್ಗುವುದಿಲ್ಲ.

ಬಟ್ಟೆ ಬಿಳಿ ಅಥವಾ ತಿಳಿ ಬಣ್ಣದ್ದು, ಭುಜ ಮತ್ತು ಮಂಡಿ ಮುಚ್ಚುವಂಥದ್ದು. ಟೋಪಿಯನ್ನೂ ತೆಗೆಯಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಅಲ್ಲಿ ದೊಡ್ಡ ಅಪಚಾರ. ಇಂಥ ಚಿತ್ರಗಳ ಕಾರಣಕ್ಕೆ ವಿದೇಶಿಯರಿಗೆ ಶಿಕ್ಷೆಯಾದದ್ದುಂಟು. ಮಗಳಿಗೆ ಇದನ್ನು ವಿಮಾನದಲ್ಲೇ ಹೇಳಿಬಿಡಿ. ಅರ್ಪಿಸುವ ಹೂವನ್ನು ಮೂಸಬಾರದು. ಸ್ತ್ರೀಯರು ಭಿಕ್ಷುಗಳನ್ನು ಮುಟ್ಟಬಾರದು.

ಪ್ರಯಾಣಕ್ಕೆ ಮುಂಚೆ ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಸರ್ಕಾರಿ ಜಾಲತಾಣವನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ, ವಿಳಾಸ ಸರಿಯಾಗಿ ನೋಡಿ. ಶುಲ್ಕದ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ವಾರವೇ ಪರಿಶೀಲಿಸಿ. ಪ್ರಾಚೀನ ಸ್ಥಳಗಳ ಪ್ರವೇಶ ಶುಲ್ಕ ವಿದೇಶಿಯರಿಗೆ ದುಬಾರಿ, ಆದರೆ ಸಾರ್ಕ್ ದೇಶಗಳವರಿಗೆ ರಿಯಾಯಿತಿಯುಂಟು. ಪಾಸ್‌ಪೋರ್ಟ್ ಕೈಯಲ್ಲಿರಲಿ, ಕೊಠಡಿಯಲ್ಲಿ ಬಿಡಬೇಡಿ. 2024ರ ಫೆಬ್ರವರಿಯಿಂದ ಯುಪಿಐ ಅಲ್ಲಿಯೂ ಚಾಲನೆಯಲ್ಲಿದೆ, ಆದರೂ ಹೂವಿನವಳಿಗೆ, ಚಪ್ಪಲಿ ಕಾಯುವವನಿಗೆ ನೋಟು-ಚಿಲ್ಲರೆಯೇ ಬೇಕು.

ಟ್ರಾವೆಲ್ಸ್‌ನವರಿಗೆ ಈ ಹಾದಿಯನ್ನು ಬರೆದು ಕೊಡಿ. ಚಾಲಕನ ಊಟ-ವಸತಿ ಬೆಲೆಯಲ್ಲಿ ಸೇರಿದೆಯೇ, ರತ್ನದ ಅಂಗಡಿ ಮತ್ತು ಮಸಾಲೆ ತೋಟದ ನಿಲುಗಡೆ ಇಲ್ಲವೆಂದು ಬರೆದುಕೊಡುತ್ತಾರೆಯೇ, ಅನುರಾಧಪುರದ ಕೊಠಡಿ ನೆಲ ಅಂತಸ್ತಿನಲ್ಲಿ ಸಿಗುತ್ತದೆಯೇ ಎಂದು ಕೇಳಿ. ಅನುರಾಧಪುರದಲ್ಲಿ ನೋಡುವುದಕ್ಕೇನಿದೆ ಎಂದು ಅವರು ರಾಗ ಎಳೆದರೆ, ವಿಮಾನದ ಟಿಕೆಟ್ ಮಾತ್ರ ಅವರಿಂದ ಕೊಂಡು, ಕಾರು ಮತ್ತು ಕೊಠಡಿಗಳನ್ನು ನೀವೇ ಕಾಯ್ದಿರಿಸಿ.